ಬೋಲ್ಟ್ ಗಾಳಿಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ಪ್ರಾಜೆಕ್ಟಿಗೆ ಒಂದು ಕಾಯಿಲ್ ಸುತ್ತಿ, ಅದರ ಕೆಳಗೆ ಕಬ್ಬಿಣದ ಬೋಲ್ಟ್ ಗಾಳಿಯಲ್ಲಿ ನಿಲ್ಲುವಂತೆ ಮಾಡಲು ಹೊರಟಿದ್ದೇನೆ. ಬೋಲ್ಟ್ ಎಲ್ಲಿದೆ ಎಂದು ತಿಳಿಯಲು ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಅದರ ಬೆಳಕು ಗುರುತಿಸುವ ಫೋಟೋಟ್ರಾನ್ಸಿಸ್ಟರ್. ಆಮೇಲೆ ಆ ಸಿಗ್ನಲ್ ದೊಡ್ಡದು ಮಾಡುವ ಆಪ್-ಆಂಪ್, ಕಾಯಿಲ್‌ಗೆ ಕರೆಂಟ್ ಕೊಡುವ ಪವರ್ ಟ್ರಾನ್ಸಿಸ್ಟರ್. ಬೋಲ್ಟ್ ಎರಡು ಸಲ ಮೇಲೆ ಕೆಳಗೆ ಕುಣಿದು ಬಿದ್ದುಬಿಡುತ್ತದೆ. ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಜಾಸ್ತಿ ಮಾಡಿದರೆ ಇನ್ನೂ ಜೋರಾಗಿ ಕುಣಿಯುತ್ತದೆ. ಮೈಕ್ರೋಕಂಟ್ರೋಲರ್ ಇಲ್ಲದೆ ಇದು ಆಗುವುದೇ ಇಲ್ವಾ?
– ಡಿಪ್ಲೊಮಾ ವಿದ್ಯಾರ್ಥಿನಿ, ಉಡುಪಿ

ಉತ್ತರ: ಖಂಡಿತ ಆಗುತ್ತದೆ. ನೀವು ಮುಕ್ಕಾಲು ದಾರಿ ಬಂದಾಗಿದೆ. ಸೆನ್ಸರಿನ ಸಿಗ್ನಲ್ ಉಲ್ಟಾ ಆಗಿದ್ದರೆ ಬೋಲ್ಟ್ ಕುಣಿಯುತ್ತಲೇ ಇರಲಿಲ್ಲ, ನೇರ ಹೋಗಿ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಬೀಳುತ್ತಿತ್ತು.

ಕಾಯಿಲ್‌ಗೆ ಹತ್ತಿರವಾದಷ್ಟೂ ಎಳೆತ ಜಾಸ್ತಿ, ದೂರವಾದಷ್ಟೂ ಕಡಿಮೆ. ಹಾಗಾಗಿ ಕೂದಲೆಳೆಯಷ್ಟು ಸರಿದರೂ ಕೈತಪ್ಪುತ್ತದೆ. ಅಂಗೈ ಮೇಲೆ ದೋಟಿ ನಿಲ್ಲಿಸಿ ನೋಡಿದ್ದೀರಾ? ಎಷ್ಟು ವಾಲಿದೆ ಎಂದು ಮಾತ್ರವಲ್ಲ, ಎಷ್ಟು ಬೇಗ ವಾಲುತ್ತಿದೆ ಎಂದೂ ನೋಡಿ ಕೈ ಸರಿಸುತ್ತೇವೆ ಅಲ್ವಾ? ನಿಮ್ಮ ಸರ್ಕ್ಯೂಟಿಗೆ ಬೋಲ್ಟ್ ಎಲ್ಲಿದೆ ಎಂದಷ್ಟೇ ಗೊತ್ತು, ಅದರ ವೇಗ ಗೊತ್ತಿಲ್ಲ. ಸಾಲದ್ದಕ್ಕೆ ಕಾಯಿಲ್‌ನಲ್ಲಿ ಕರೆಂಟ್ ಏರಿಳಿಯುವುದೂ ತಡ. ಸುಮ್ನೆ ಗೇನ್ ತಿರುಗಿಸಿದರೆ ಕುಣಿತ ಚುರುಕಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ.

ವೇಗ ತಿಳಿಸಲು ಒಂದು ಕೆಪಾಸಿಟರ್ ಸಾಕು. ಅದು ನಿಂತ ಸಿಗ್ನಲ್ ಬಿಡುವುದಿಲ್ಲ, ಬದಲಾಗುವುದನ್ನು ಮಾತ್ರ ಬಿಡುತ್ತದೆ. ಇನ್ವರ್ಟಿಂಗ್ ಆಪ್-ಆಂಪಿನ ಇನ್‌ಪುಟ್ಟಿಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿ. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 10 ಕಿಲೋ ಓಮ್ ಸೀರೀಸ್ ಮಾಡಿ ಆ 100 ಕಿಲೋಗೆ ಪ್ಯಾರಲಲ್ ಆಗಿ ಕೊಡಿ. ಇದೇ ಲೀಡ್ ಕಾಂಪೆನ್ಸೇಟರ್, ಅಂದರೆ ಸಿಗ್ನಲನ್ನು ಸ್ವಲ್ಪ ಮುಂದಾಗಿಸಿ ಆ ತಡವನ್ನು ಸರಿದೂಗಿಸುವ ಜೋಡಣೆ. ಸುಮಾರು 14 ಹರ್ಟ್ಜ್‌ನಿಂದ ಗೇನ್ ಏರುತ್ತಾ 160ರ ಹತ್ತಿರ ಸಮ ಆಗುತ್ತದೆ. ನಡುವೆ, 48ರ ಆಸುಪಾಸಿನಲ್ಲಿ, ಫೇಸ್, ಅಂದರೆ ಸಿಗ್ನಲಿನ ಏರಿಳಿತದ ಹೊತ್ತು, 56 ಡಿಗ್ರಿ ಮುಂದೆ ಬರುತ್ತದೆ. ಬೋಲ್ಟನ್ನು ಹಿಡಿದು ನಿಲ್ಲಿಸುವುದು ಈ 56 ಡಿಗ್ರಿಯೇ. 10 ಕಿಲೋ ಮಾತ್ರ ಬಿಡಬೇಡಿ. ಬಿಟ್ಟರೆ ಸಣ್ಣ ನಾಯ್ಸ್ ಕೂಡ ದೊಡ್ಡದಾಗಿ ಕಾಯಿಲ್ ಗುಂಯ್ ಎನ್ನುತ್ತದೆ. ನಿಧಾನವಾಗಿ ತೂಗಾಡಿದರೆ ಕೆಪಾಸಿಟರನ್ನು 0.22 ಮಾಡಿ ನೋಡಿ.

ಇನ್ನೊಂದು ಮಾತು. ನಾನು ಮಂಗಳೂರಿನ ಮನೆಯಲ್ಲಿ ಇದನ್ನು ಮೊದಲು ಮಾಡಿದಾಗ ಬೆಳಿಗ್ಗೆ ಚೆಂದ ನಿಂತ ಬೋಲ್ಟ್ ಸಂಜೆ ನಾಲ್ಕಕ್ಕೆ ಬಿತ್ತು. ಮೂರು ದಿನ ಸೋಲ್ಡರ್ ಕಿತ್ತು ಕಿತ್ತು ಸಾಕಾಯಿತು. ಕೊನೆಗೆ ನೋಡಿದರೆ ಪಡುವಣ ಕಿಟಕಿಯ ಬಿಸಿಲು ಓರೆಯಾಗಿ ಸೆನ್ಸರಿನ ಮೇಲೆ ಬೀಳುತ್ತಿತ್ತು. ಕಪ್ಪು ಪೆನ್ನಿನ ಕ್ಯಾಪ್ ಕತ್ತರಿಸಿ ಫೋಟೋಟ್ರಾನ್ಸಿಸ್ಟರಿಗೆ ತೊಡಿಸಿದೆ. ಆ ಸಂಜೆ ಬೋಲ್ಟ್ ಅಲ್ಲಾಡಲಿಲ್ಲ. ನಿಮ್ಮ ಲ್ಯಾಬಿನ ಟ್ಯೂಬ್‌ಲೈಟ್ ಕೂಡ ಸೆಕೆಂಡಿಗೆ 100 ಸಲ ಮಿನುಗಬಹುದು. ಮೊದಲು ಆ ಮರೆ ಕಟ್ಟಿ, ಆಮೇಲೆ ಗೇನ್ ಮುಟ್ಟಿ.