ಆರು ವಾರಕ್ಕೆ ಮದುವೆ, ಲೇಸರ್ ಮಾಡಿಸಲಾ?

ಪ್ರಶ್ನೆ: ಡಾಕ್ಟರ್, ನನಗೆ 26 ವರ್ಷ. ಪೀಣ್ಯದಲ್ಲಿ ಕೆಲಸ, ದಿನಾ ಸ್ಕೂಟರಿನಲ್ಲೇ ಓಡಾಟ. ಹಳೆಯ ಮೊಡವೆಗಳಿಂದ ಎರಡೂ ಕೆನ್ನೆಯಲ್ಲಿ ಗುಳಿ ಬಿದ್ದಿದೆ. ಗದ್ದದ ಹತ್ತಿರ ಈಗಲೂ ಹೊಸ ಮೊಡವೆ ಏಳುತ್ತದೆ. ಇನ್ನು ಆರು ವಾರಕ್ಕೆ ಮದುವೆ. ಆರು ಸಿಟ್ಟಿಂಗ್ ಲೇಸರ್‌ಗೆ ಈಗಲೇ ದುಡ್ಡು ಕಟ್ಟಿದರೆ ಮದುವೆಯೊಳಗೆ ಮುಖ ನುಣುಪಾಗುತ್ತದೆ ಎಂದು ಒಂದು ಕ್ಲಿನಿಕ್‌ನವರು ಹೇಳುತ್ತಿದ್ದಾರೆ. ಕಟ್ಟಲಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಕಟ್ಟಬೇಡಿ. ಮೊದಲು ಮದುವೆ ಮುಗಿಯಲಿ.

ಲೇಸರ್ ಒಳ್ಳೆಯ ಚಿಕಿತ್ಸೆಯೇ. ಗುಳಿಗಳಿಗೆ ಹೆಚ್ಚಾಗಿ ಬಳಸುವುದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದು ಚರ್ಮದಲ್ಲಿ ತೀರಾ ಸಣ್ಣ ತೂತುಗಳನ್ನು ಸುಡುತ್ತದೆ. ನಡುವಿನ ಚರ್ಮ ಹಾಗೇ ಉಳಿಯುತ್ತದೆ. ಗಾಯ ಮಾಯುವಾಗ ಒಳಗೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೊಸದಾಗಿ ಬೆಳೆದು ಗುಳಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ಇದಕ್ಕೆ ತಿಂಗಳುಗಳೇ ಬೇಕು. ಎರಡು ಸಿಟ್ಟಿಂಗ್ ನಡುವೆಯೇ 4ರಿಂದ 6 ವಾರ ಬಿಡಬೇಕು. ಆ ಕ್ಲಿನಿಕ್‌ನವರ ಲೆಕ್ಕ ಹೊಂದುವುದೇ ಇಲ್ಲ, ಅಲ್ವಾ? ಎಷ್ಟು ಸಿಟ್ಟಿಂಗ್ ಆದರೂ ಗುಳಿ ಕಡಿಮೆಯಾಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ.

ನನಗೆ ಜಾಸ್ತಿ ಭಯ ಬಣ್ಣದ್ದು. ನಮ್ಮ ಕಂದು ಚರ್ಮ ಬಿಸಿ ತಾಗಿದರೆ ಕಪ್ಪಾಗಿಬಿಡುತ್ತದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಅಕ್ಕನ ಮದುವೆ ಇದೆ ಎಂದು ಒಬ್ಬ ಹುಡುಗಿ ಅವಸರ ಮಾಡಿದಳು, ನಾನು ಒಪ್ಪಿದೆ. ಏಪ್ರಿಲ್ ಬಿಸಿಲು ಬೇರೆ. ಐದನೇ ದಿನ ಹೊಟ್ಟು ಉದುರಿ ಮುಖ ಚೆನ್ನಾಗಿಯೇ ಕಂಡಿತು. ಮೂರನೇ ವಾರ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದಳು. ಎರಡೂ ಕೆನ್ನೆ ಕಪ್ಪು. ತಿಳಿಯಾಗಲು ಐದು ತಿಂಗಳು ಹಿಡಿಯಿತು. ಮದುವೆಯ ಫೋಟೋಗಳಲ್ಲಿ ಅವಳು ಇಲ್ಲವೇ ಇಲ್ಲ. ಅಂದಿನಿಂದ ಕಿವಿಯ ಮುಂದೆ ಸ್ವಲ್ಪ ಜಾಗದಲ್ಲಿ ಮಾಡಿ, ಕೆಲವು ವಾರ ನೋಡದೆ ನಾನು ಪೂರ್ತಿ ಮುಖಕ್ಕೆ ಕೈ ಹಾಕುವುದಿಲ್ಲ. ನಿಮಗೆ ಅರಿಶಿನ ಶಾಸ್ತ್ರವೂ ಇರುತ್ತದೆ. ಹಸಿ ಚರ್ಮದ ಮೇಲೆ ಅರಿಶಿನ ಉಜ್ಜುವುದನ್ನು ನೆನೆದರೇ ಸಂಕಟವಾಗುತ್ತದೆ.

ಈ ಆರು ವಾರ ಗದ್ದದ ಮೊಡವೆ ನೋಡಿಕೊಳ್ಳಿ. ಹೊಸ ಮೊಡವೆ ನಿಲ್ಲದೆ ಹಳೆಯ ಗುಳಿಗೆ ಖರ್ಚು ಮಾಡಿ ಏನು ಪ್ರಯೋಜನ? ಬೆಳ್ಳಗಾಗಲೆಂದು ಅಂಗಡಿಯಿಂದ ಸ್ಟಿರಾಯ್ಡ್ ಇರುವ ಕ್ರೀಮ್ ತಂದು ಹಚ್ಚಬೇಡಿ, ಅದರಿಂದಲೂ ಮೊಡವೆ ಏಳುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಬರೆದುಕೊಟ್ಟಿದ್ದರೆ ಮದುವೆಯ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಅದು ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಹಾನಿ ಮಾಡುತ್ತದೆ. ಮಾತ್ರೆ ನುಂಗುವಾಗಲೂ, ನಿಲ್ಲಿಸಿದ ಮೇಲೆ ಒಂದು ತಿಂಗಳೂ ಬಸಿರಾಗಬಾರದು. ಸಂಕೋಚ ಬೇಡ, ಕೇಳಿ.

ಬೆಳಿಗ್ಗೆ ಹೊರಡುವ ಮುಂಚೆ ಸನ್‌ಸ್ಕ್ರೀನ್ ಹಚ್ಚಿ. ಹೆಲ್ಮೆಟ್ ಗಾಜಿದ್ದರೂ ಬಿಸಿಲು ತಾಗುತ್ತದೆ.

ಮದುವೆಯಾದ ಮೇಲೆ ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದ ವೈದ್ಯರನ್ನು ಕಾಣಿ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಚರ್ಮ ವಿಭಾಗವಿದೆ. ನಿಮ್ಮ ಗುಳಿ ಯಾವ ಬಗೆಯದು ಎಂದು ಮೊದಲು ಕೇಳಿ. ಸೂಜಿ ಚುಚ್ಚಿದಂಥ ಆಳದ ತೂತಿಗೆ ಲೇಸರ್‌ಗಿಂತ ವೈದ್ಯರು ತೂತಿನೊಳಗೆ ಆಸಿಡ್ ಮುಟ್ಟಿಸುವುದೇ ಎಷ್ಟೋ ಸಲ ವಾಸಿ. ಅಲೆಯಂತೆ ಅಗಲವಾಗಿ ತಗ್ಗಿದ್ದರೆ, ಕೆಳಗೆ ಹಿಡಿದೆಳೆಯುವ ಎಳೆಗಳನ್ನು ಸೂಜಿಯಿಂದ ಬಿಡಿಸಬೇಕಾಗುತ್ತದೆ. ಮುಖ ಮುಟ್ಟಿ ನೋಡದೆಯೇ ಪ್ಯಾಕೇಜ್ ಹೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.