ಮೂರನೇ ಸೇಫ್ಟಿಗೆ ಏನು ಕೆಲಸ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಅದರಲ್ಲೂ ಸೇಫ್ಟಿಗಳ ಬಗ್ಗೆ (ದೂರದ ಪಾಸ್ ತಡೆಯಲು ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು). ನನಗೂ ಇಷ್ಟದ ವಿಷಯವೇ. ಹಾಗಾಗಿ ಪುಟ ಪೂರ್ತಿ ಅವರಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ಸಾಮಾನ್ಯವಾಗಿ ಮೈದಾನದಲ್ಲಿ ಇಬ್ಬರು ಸೇಫ್ಟಿ ಇರುತ್ತಾರೆ. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ತಂಡಗಳ ಪಟ್ಟಿ ನೋಡಿದರೆ ನಾಲ್ಕು, ಕೆಲವೊಮ್ಮೆ ಐದು ಹೆಸರು. ಉಳಿದವರು ಸುಮ್ನೆ ಕೂತು ಸಂಬಳ ತಗೊಳ್ತಾರಾ?

ಉತ್ತರ: ಕೂರೋಕೆ ಯಾರು ಬಿಡ್ತಾರೆ? ಲೆಕ್ಕ ನೋಡಿ. ಬೇಸಿಗೆಯಲ್ಲಿ ತಂಡಕ್ಕೆ 90 ಜನರನ್ನು ಇಟ್ಟುಕೊಳ್ಳಬಹುದು. ಆಗಸ್ಟ್ ಕೊನೆಗೆ ಅದು 53ಕ್ಕೆ ಇಳಿಯಬೇಕು. ಪಂದ್ಯದ ದಿನ ಆಡಲು ಅವಕಾಶ ಇರುವುದು ಹೆಚ್ಚೆಂದರೆ 48 ಜನಕ್ಕೆ. ಇಷ್ಟು ಬಿಗಿ ಇರುವಾಗ, ಯಾರಿಗೋ ಗಾಯವಾಗಲಿ ಅಂತ ಕಾಯುತ್ತಾ ಕೂರುವವನಿಗೆ ಜಾಗ ಎಲ್ಲಿಂದ ಬರಬೇಕು? ಅವನಿಗೆ ಅನ್ನ ಕೊಡುವುದು ಸ್ಪೆಷಲ್ ಟೀಮ್ಸ್. ಅಂದರೆ ಚೆಂಡನ್ನು ಒದೆಯುವ ಆಟಗಳಿಗೆ ಇಳಿಯುವ ತಂಡ: ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು), ಕಿಕಾಫ್ (ಆಟ ಶುರುಮಾಡುವ ಒದೆತ) ಇತ್ಯಾದಿ. ಅಲ್ಲಿ ಬೇಕಾಗಿರುವುದು ವೇಗವಾಗಿ ಓಡಿಹೋಗಿ, ಚೆಂಡು ಹಿಡಿದವನನ್ನು ಬಯಲಲ್ಲಿ ಕೆಡವುವ ಹುಡುಗ. ಅಂಚಿನಲ್ಲಿ ರಿಸೀವರ್‌ಗಳನ್ನು (ಪಾಸ್ ಹಿಡಿಯುವವರನ್ನು) ಕಾಯುವ ಕಾರ್ನರ್‌ಬ್ಯಾಕ್‌ಗಳು ಸ್ವಲ್ಪ ಹಗುರ, ಮುಂಚೂಣಿಯ ಹಿಂದೆಯೇ ನಿಲ್ಲುವ ಲೈನ್‌ಬ್ಯಾಕರ್‌ಗಳು ಸ್ವಲ್ಪ ಭಾರ. ಸೇಫ್ಟಿ ಎರಡರ ಮಧ್ಯದ ಮೈಕಟ್ಟಿನವನು. ಹಾಗಾಗಿ ನಾಲ್ಕನೇ ಸೇಫ್ಟಿ ಯಾರಾಗಬೇಕು ಅನ್ನುವ ಚರ್ಚೆಯಲ್ಲಿ ಸ್ಪೆಷಲ್ ಟೀಮ್ಸ್ ಕೋಚ್ ಮಾತಿಗೆ ತೂಕ ಜಾಸ್ತಿ.

ಮೂರನೆಯವನ ಕಥೆ ಬೇರೆ. ಎದುರಾಳಿ ಕಡೆ ಒಳ್ಳೆಯ ಟೈಟ್ ಎಂಡ್ (ಅಡ್ಡ ನಿಂತು ತಡೆಯುವ, ಪಾಸ್ ಕೂಡ ಹಿಡಿಯುವ ದೊಡ್ಡ ಆಳು) ಇದ್ದರೆ ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗೆ ಕರೆದು ಮೂವರು ಸೇಫ್ಟಿಗಳನ್ನು ಒಟ್ಟಿಗೇ ಇಳಿಸುವ ತಂಡಗಳಿವೆ. ಬಿಗ್ ನಿಕಲ್ ಅಂತಾರೆ ಅದಕ್ಕೆ. ಅಂಥ ಕಡೆ ಅವನನ್ನು ಬ್ಯಾಕಪ್ ಅಂತ ಕರೆಯುವುದೇ ತಪ್ಪು.

ಪ್ರಶ್ನೆ: ಸೀಸನ್ ಮಧ್ಯೆ ಇಬ್ಬರಿಗೆ ಒಟ್ಟಿಗೇ ಗಾಯವಾದರೆ?

ಉತ್ತರ: ಅದಕ್ಕೇ ಪ್ರಾಕ್ಟೀಸ್ ಸ್ಕ್ವಾಡ್ ಇರುವುದು. 53ರ ಹೊರಗೆ ಇನ್ನೂ 16 ಜನ (ವಿದೇಶಿ ಆಟಗಾರನಿಗೆಂದೇ ಒಂದು ಹೆಚ್ಚುವರಿ ಜಾಗವೂ ಇದೆ). ವಾರವಿಡೀ ತಂಡದ ಜೊತೆ ಅಭ್ಯಾಸ ಮಾಡುತ್ತಾರೆ. ಪ್ರತಿ ಪಂದ್ಯಕ್ಕೂ ಇವರಲ್ಲಿ ಇಬ್ಬರನ್ನು ಮೇಲೆ ಕರೆದುಕೊಂಡು, ಪಂದ್ಯ ಮುಗಿದ ಮೇಲೆ ವಾಪಸ್ ಕಳಿಸಬಹುದು. ಆದರೆ ಲೀಗ್ ಹಂತದಲ್ಲಿ ಒಬ್ಬನಿಗೆ ಮೂರೇ ಸಲ. ನಾಲ್ಕನೇ ಸಲ ಬೇಕಾದರೆ 53ರಲ್ಲೇ ಜಾಗ ಕೊಡಬೇಕು. ಗಾಯಾಳುವನ್ನು ಇಂಜುರ್ಡ್ ರಿಸರ್ವ್‌ಗೆ ಹಾಕಿದರೆ ಅವನ ಜಾಗ ಖಾಲಿಯಾಗುತ್ತದೆ, ನಿಜ. ಆದರೆ ಅವನು ಕಡೇಪಕ್ಷ ನಾಲ್ಕು ಪಂದ್ಯ ಆಡುವ ಹಾಗಿಲ್ಲ. ಎರಡು ವಾರದಲ್ಲಿ ವಾಸಿಯಾಗಬಹುದಾದ ಕಾಲುನೋವಿಗೆ ಏನು ಮಾಡುವುದು? ಮ್ಯಾನೇಜರ್‌ಗಳು ತಲೆ ಕೆರೆದುಕೊಳ್ಳುವುದು ಇಲ್ಲೇ.

ಪ್ರಶ್ನೆ: ತಯಾರಿ ಶಿಬಿರದಲ್ಲಿ ಚೆನ್ನಾಗಿ ಆಡಿದ ಹುಡುಗನನ್ನೂ ಕೈಬಿಡ್ತಾರಲ್ಲ, ಬೇಸರ ಆಗುತ್ತೆ.

ಉತ್ತರ: ನನಗೂ ಆಗುತ್ತೆ. ಹೊಸ ಹುಡುಗನನ್ನು ಬಿಟ್ಟರೆ ಅವನು ವೇವರ್ಸ್‌ಗೆ ಹೋಗುತ್ತಾನೆ. ಬೇರೆ ಯಾವ ತಂಡ ಬೇಕಾದರೂ ಎತ್ತಿಕೊಳ್ಳಬಹುದು. ಯಾರೂ ಕೇಳದಿದ್ದರೆ ಮಾರನೇ ದಿನ ಹಳೇ ತಂಡವೇ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಕರೆಯುತ್ತದೆ. ತಂಡ ಆಡುವ ಜೂಜು ಅದು. ನಾಲ್ಕು ಸೀಸನ್ ಪೂರೈಸಿದವರಿಗೆ ಈ ವೇವರ್ಸ್ ತಾಪತ್ರಯ ಇಲ್ಲ, ನೇರ ಸ್ವತಂತ್ರ.

ಪ್ರಶ್ನೆ: ನಿವೃತ್ತಿಯಾದವರನ್ನು ಮನೆಯಿಂದ ಕರೆಸಿ ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ) ಆಡಿಸಿದರಂತೆ. ನಿಜವೇ?

ಉತ್ತರ: ನೂರಕ್ಕೆ ನೂರು ನಿಜ, ಮತ್ತು ನನ್ನ ಮೆಚ್ಚಿನ ಕಥೆ. 2022ರ ಜನವರಿ. ಪ್ಲೇಆಫ್ ಬಾಗಿಲಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಇಬ್ಬರೂ ಸೇಫ್ಟಿಗಳು ಔಟ್. ಜೋರ್ಡನ್ ಫುಲ್ಲರ್‌ಗೆ ಕಾಲಿನ ಗಾಯ, ಟೇಲರ್ ರ‍್ಯಾಪ್‌ಗೆ ತಲೆಗೆ ಪೆಟ್ಟು. ತಂಡ ಫೋನ್ ಮಾಡಿದ್ದು ಎರಿಕ್ ವೆಡಲ್‌ಗೆ. 2019ರ ಸೀಸನ್ ಮುಗಿಸಿ ನಿವೃತ್ತಿಯಾಗಿದ್ದ, ಆಗಷ್ಟೇ 37 ತುಂಬಿದ್ದ, ಮಕ್ಕಳ ತಂಡಕ್ಕೆ ಕೋಚಿಂಗ್ ಮಾಡಿಕೊಂಡಿದ್ದ ಮನುಷ್ಯ. ಒಂದು ವಾರ ತುಂಬುವ ಮೊದಲೇ ಪ್ಲೇಆಫ್ ಆಡಿದ. ಎನ್‌ಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್‌ನಲ್ಲಿ ತಂಡದಲ್ಲೇ ಅತಿ ಹೆಚ್ಚು, 9 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಅವನದ್ದು. ಸೂಪರ್ ಬೌಲ್‌ನಲ್ಲಿ ಎದೆಯ ಸ್ನಾಯು ಹರಿದುಕೊಂಡೂ ಆಡಿದ, 23-20ರಲ್ಲಿ ಗೆದ್ದರು, ಮತ್ತೆ ನಿವೃತ್ತಿ.

ಎರಡು ವರ್ಷ ಆಡದ ಕಾಲುಗಳನ್ನು ನಂಬಿ ಕರೆದರು ಅಂದುಕೊಂಡಿರಾ? ಕರೆದದ್ದು ತಲೆಯನ್ನು. ಒಂದು ಆಟ ಕಲ್ಪಿಸಿಕೊಳ್ಳಿ. ಕವರ್ ಟೂ ಅಂದರೆ ಇಬ್ಬರೂ ಸೇಫ್ಟಿಗಳು ಹಿಂದೆ, ಒಬ್ಬೊಬ್ಬರಿಗೆ ಅರ್ಧ ಮೈದಾನ. ಹಿಂದೆ ಸೇಫ್ಟಿ ಇದ್ದಾನೆ ಅನ್ನುವ ಧೈರ್ಯದಿಂದ ಕಾರ್ನರ್ ತನ್ನ ಪಾಲಿನ ರಿಸೀವರ್‌ನನ್ನು ಹತ್ತು ಗಜ ದಾಟಿದ ಮೇಲೆ ಬಿಟ್ಟುಬಿಡುತ್ತಾನೆ. ಆಟ ಶುರುವಾಗುವ ಎರಡು ಸೆಕೆಂಡ್ ಮೊದಲು ಎದುರಾಳಿ ಒಬ್ಬ ಆ ಕಡೆಯಿಂದ ಈ ಕಡೆ ಜರುಗಿದ. ಇದನ್ನು ನೋಡಿ, ಈಗ ಕವರ್ ತ್ರೀ (ಹಿಂದೆ ಮೂವರು, ಒಬ್ಬೊಬ್ಬರಿಗೆ ಮೂರನೇ ಒಂದು ಪಾಲು ಮೈದಾನ), ನಡುವೆ ನಿಲ್ಲುವವನು ನಾನು ಅಂತ ಹೊಸ ಸೇಫ್ಟಿ ಲೆಕ್ಕ ಹಾಕಿ ಮಧ್ಯಕ್ಕೆ ಓಡಿದ. ಉಳಿದ ಹತ್ತು ಜನ ಇನ್ನೂ ಕವರ್ ಟೂನಲ್ಲೇ ಇದ್ದಾರೆ. ಕಾರ್ನರ್ ಬಿಟ್ಟ, ಹಿಂದೆ ಯಾರೂ ಇಲ್ಲ, ಟಚ್‌ಡೌನ್. ಟಿವಿಯಲ್ಲಿ ನೋಡುವ ನಾವು ಬೈಯುವುದು ಪಾಪ ಆ ಕಾರ್ನರ್‌ನನ್ನು. ನಾನೂ ವರ್ಷಗಟ್ಟಲೆ ಬೈದಿದ್ದೇನೆ.

ಡಿಫೆನ್ಸ್‌ನಲ್ಲಿ ಒಬ್ಬನ ಹೆಲ್ಮೆಟ್‌ಗೆ ಮಾತ್ರ ಹಸಿರು ಚುಕ್ಕೆ ಇರುತ್ತದೆ. ಕೋಚ್ ಮಾತು ಕೇಳುವ ಸ್ಪೀಕರ್ ಅದರಲ್ಲಿದೆ ಅಂತ ಅರ್ಥ. ಫೋನ್ ಬಂದು ಒಂದು ತಿಂಗಳಾದ ಮೇಲೆ, ಸೂಪರ್ ಬೌಲ್‌ನಲ್ಲಿ, ಆ ಹೆಲ್ಮೆಟ್ ಇದ್ದದ್ದು ವೆಡಲ್ ತಲೆ ಮೇಲೆ.

ಪ್ರಶ್ನೆ: ಮೈದಾನದಲ್ಲೇ ಹೃದಯ ನಿಂತಿತ್ತಲ್ಲ, ಆ ಡಮಾರ್ ಹ್ಯಾಮ್ಲಿನ್ ಕೂಡ ಬ್ಯಾಕಪ್ ಆಗಿದ್ದವರಾ?

ಉತ್ತರ: ಹೌದು. ಬಫಲೋ ಬಿಲ್ಸ್‌ನಲ್ಲಿ 2017ರಿಂದ ಮೈಕಾ ಹೈಡ್, ಜೋರ್ಡನ್ ಪಾಯರ್ ಜೋಡಿ. ಕಣ್ಣಲ್ಲೇ ಮಾತಾಡಿಕೊಳ್ಳುವಷ್ಟು ಹೊಂದಾಣಿಕೆ. ಹ್ಯಾಮ್ಲಿನ್ 2021ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) ಆರನೇ ಸುತ್ತಿನಲ್ಲಿ ಬಂದವರು. 2022ರ ಸೆಪ್ಟೆಂಬರ್‌ನಲ್ಲಿ ಹೈಡ್‌ಗೆ ಕುತ್ತಿಗೆ ಪೆಟ್ಟಾಗಿ ಸೀಸನ್ ಮುಗಿಯಿತು. ಮುಂದಿನ ವಾರ ಮಯಾಮಿಯಲ್ಲಿ ಪಾಯರ್ ಕೂಡ ಇಲ್ಲ. ಹ್ಯಾಮ್ಲಿನ್ ಮತ್ತು ಜಕ್ವಾನ್ ಜಾನ್ಸನ್, ಇಬ್ಬರು ಬದಲಿಗಳೇ ಶುರುವಿನಿಂದ ಆಡಿದರು. ಸೋತದ್ದು ಎರಡೇ ಅಂಕದಿಂದ, 21-19.

2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಅವರ ಹೃದಯ ನಿಂತದ್ದು, ಮೈದಾನದಲ್ಲೇ ಬದುಕಿಸಿದ್ದು ನಿಮಗೆ ಗೊತ್ತೇ ಇದೆ. ಅದೇ ವರ್ಷ ವಾಪಸ್ ಬಂದರು, ಆದರೆ ಹೈಡ್ ಮರಳಿದ್ದರಿಂದ ಮತ್ತೆ ಬ್ಯಾಕಪ್. ಆಡಿದ ಪಂದ್ಯಗಳು ಬೆರಳೆಣಿಕೆ. 2024ರ ಜನವರಿಯ ಪ್ಲೇಆಫ್‌ನಲ್ಲಿ ಚೀಫ್ಸ್ ವಿರುದ್ಧ ಪಂಟ್ ತಂಡದಲ್ಲಿ, ಒದೆಯುವವನ ಮುಂದೆ ಕಾವಲಿಗೆ ನಿಂತಿದ್ದರು. ಬ್ಯಾಕಪ್ ಸೇಫ್ಟಿಗಳಿಗೆ ಆಗಾಗ ಸಿಗುವ ಕೆಲಸ ಅದು. ಚೆಂಡು ತಮ್ಮ ಬಳಿಯೇ ಉಳಿಯಲು ಐದು ಗಜ ಬೇಕಿತ್ತು. ಎಲ್ಲರೂ ಪಂಟ್ ಅಂದುಕೊಂಡಿದ್ದಾಗ ಚೆಂಡು ನೇರವಾಗಿ ಹ್ಯಾಮ್ಲಿನ್ ಕೈಗೆ ಬಂತು. ಎರಡು ಗಜ ಓಡುವಷ್ಟರಲ್ಲಿ ಹಿಡಿದು ಕೆಡವಿದರು. ಆಮೇಲಿನ ಸೀಸನ್ ಶುರುವಾದಾಗ ಹೈಡ್, ಪಾಯರ್ ಇಬ್ಬರೂ ಇರಲಿಲ್ಲ, ಹ್ಯಾಮ್ಲಿನ್ ಮತ್ತೆ ಶುರುವಿನಿಂದಲೇ ಆಡಿದರು.