ಸಂಬಳರಹಿತ ರಜೆ ಹಾಕಿ ಚುನಾವಣೆಗೆ ನಿಲ್ಲಬಹುದೇ? – ಮುದ್ದೇಬಿಹಾಳದ ಪ್ರಾಥಮಿಕ ಶಿಕ್ಷಕರೊಬ್ಬರ ಪ್ರಶ್ನೆಗೆ

ಮಾಸ್ತರೇ, ದ್ರೌಪದಿ ಮುರ್ಮು ಅವರೂ ಶಿಕ್ಷಕಿಯಾಗಿದ್ದವರು, ನಾನೂ ರಜೆ ಹಾಕಿ ವಿಧಾನಸಭೆಗೆ ನಿಲ್ಲುತ್ತೇನೆ, ಸೋತರೆ ಶಾಲೆ ಇದ್ದೇ ಇದೆ, ಇಲ್ಲವಾದರೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ರಜೆ ಹಾಕಿ ನಿಲ್ಲಲು ಬರುವುದಿಲ್ಲ, ರಜೆಯಲ್ಲಿದ್ದರೂ ನೀವು ಸರ್ಕಾರಿ ನೌಕರರೇ. ನಾನು ರಾಜೀನಾಮೆ ಬರೆದುಕೊಟ್ಟು ನಿಂತವನು, ಆದರೂ ನಾಮಪತ್ರ ರಿಜೆಕ್ಟ್ ಆಯಿತು.

ಕೃಷ್ಣಾ ದಂಡೆಯ ಹಳ್ಳಿ, ಸರ್ಕಾರಿ ಪ್ರಾಥಮಿಕ ಶಾಲೆ, 13 ವರ್ಷದ ಸರ್ವಿಸ್, ಮೇಲೆ ಪ್ರಭಾರ ಮುಖ್ಯಗುರು. ನಾಮಪತ್ರ ಪರಿಶೀಲನೆಗೆ 26 ದಿನ ಮೊದಲೇ ರಾಜೀನಾಮೆ ಪತ್ರ ಕೊಟ್ಟೆ. ಟಪಾಲು ಟೇಬಲ್ಲಿನಲ್ಲಿ ನನ್ನ ನಕಲಿನ ಮೇಲೆ ನೀಲಿ ದುಂಡು ಸೀಲು ಒತ್ತಿ, ಆವಕ ಸಂಖ್ಯೆ ಬರೆದು ಕೊಟ್ಟರು. ಆ ಹಾಳೆ ಕೈಗೆ ಬಂದೊಡನೆ ನೌಕರಿ ಬಿಟ್ಟಾಯಿತು ಎಂದುಕೊಂಡು ಹಳ್ಳಿ ಹಳ್ಳಿ ತಿರುಗಲು ಹೋದೆ. ತಪ್ಪಿದ್ದು ಅಲ್ಲಿಯೇ. ಆ ಸೀಲು ಹೇಳುವುದು ಪತ್ರ ತಲುಪಿದೆ ಎಂದಷ್ಟೇ. ನೇಮಕಾತಿ ಪ್ರಾಧಿಕಾರ ಅಂಗೀಕಾರದ ಆದೇಶ ಹೊರಡಿಸಿ, ನಿಮ್ಮನ್ನು ಹುದ್ದೆಯಿಂದ ಬಿಡುಗಡೆ ಮಾಡುವವರೆಗೂ ನೀವು ಸರ್ಕಾರಿ ನೌಕರರೇ.

ಪರಿಶೀಲನೆಯ ದಿನ ಎದುರಾಳಿ ಕಡೆಯವರು ನನ್ನ ಹೆಸರಿದ್ದ ಸಂಬಳದ ಬಿಲ್ಲಿನ ಪ್ರತಿ ಮುಂದಿಟ್ಟರು. ಚುನಾವಣಾಧಿಕಾರಿ ಕೇಳಿದ್ದು ಒಂದೇ ಮಾತು: "ಅಂಗೀಕಾರದ ಆದೇಶ ಎಲ್ಲಿ?" ನನ್ನ ಹತ್ತಿರ ಇದ್ದದ್ದು ಸೀಲಿನ ಹಾಳೆ. ಎರಡು ದಿನ ಟೈಮ್ ಕೊಡಿ, ತರುತ್ತೇನೆ ಎಂದೆ. ಆಕ್ಷೇಪಣೆಗೆ ಉತ್ತರಿಸಲು ಕಾಯ್ದೆಯಲ್ಲಿ ಸಮಯವಿದೆ ನಿಜ, ಆದರೆ ನಾಳೆ ಹೊರಡುವ ಆದೇಶದ ಮೇಲೆ ನಾಳೆಯ ತಾರೀಖೇ ಇರುತ್ತದೆ. ಸಂವಿಧಾನದ 191(1)(ಎ) ಪ್ರಕಾರ ಸರ್ಕಾರದ ಅಡಿಯಲ್ಲಿ ಲಾಭದ ಹುದ್ದೆಯಲ್ಲಿ ಇರುವವರು ಶಾಸಕರಾಗಲು ಅನರ್ಹರು. ಲೋಕಸಭೆಗೆ ಇದೇ ಮಾತು 102ರಲ್ಲಿದೆ. ಆ ಅನರ್ಹತೆ ಇದೆಯೋ ಇಲ್ಲವೋ ಎಂದು ನೋಡುವುದು, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 36ನೇ ಕಲಂ ಪ್ರಕಾರ, ಪರಿಶೀಲನೆಗೆ ಗೊತ್ತುಮಾಡಿದ ದಿನಕ್ಕೆ. ಮತದಾನದ ದಿನಕ್ಕಲ್ಲ, ಫಲಿತಾಂಶದ ದಿನಕ್ಕೂ ಅಲ್ಲ. ಠೇವಣಿ 10,000 ರೂಪಾಯಿ ವಾಪಸ್ ಬಂತು. ಅಂಗೀಕಾರದ ಆದೇಶ ಬಂದದ್ದು ಅದಾದ ಮೇಲೆ. ಆ ಹೊತ್ತಿಗೆ ನೌಕರಿಯೂ ಇಲ್ಲ, ಕಣವೂ ಇಲ್ಲ.

ಕಡತ ಎಲ್ಲಿ ನಿಂತಿತ್ತು ಎಂದರೆ, ನಾನು ಚಾರ್ಜ್ ಕೊಟ್ಟಿರಲಿಲ್ಲ. ಅಕ್ಷರ ದಾಸೋಹದ ಅಕ್ಕಿಯ ದಾಸ್ತಾನು ವಹಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆಯ ಚೆಕ್ ಪುಸ್ತಕ, ಕ್ಯಾಶ್ ಬುಕ್, ಬೀರುವಿನ ಕೀಲಿ ಎಲ್ಲವೂ ನನ್ನ ಹೆಸರಿನಲ್ಲೇ. "ಪ್ರಭಾರ ಹಸ್ತಾಂತರವಾಗಿಲ್ಲ" ಎಂಬ ಒಂದು ಸಾಲಿನ ಟಿಪ್ಪಣಿ ಹೊತ್ತು ಕಡತ ಕೆಳಗೆ ಬಂದಿತ್ತು. ನಾನು ಒಂದು ದಿನವೂ ಹೋಗಿ ಕೇಳಲಿಲ್ಲ.

ಅದಕ್ಕೇ ಹೇಳುವುದು, ಟಿಕೆಟ್ ಸಿಗುತ್ತದೋ ಇಲ್ಲವೋ ನೋಡಿ ಆಮೇಲೆ ರಾಜೀನಾಮೆ ಎಂಬ ಲೆಕ್ಕ ಬೇಡ. ಅಧಿಸೂಚನೆಯಾದ 7ನೇ ದಿನಕ್ಕೆ ನಾಮಪತ್ರದ ಕೊನೆಯ ದಿನ, ಮರುದಿನವೇ ಪರಿಶೀಲನೆ. ಆ ಎಂಟು ದಿನದಲ್ಲಿ ಯಾವ ಕಡತವೂ ಮೇಲೆ ಹೋಗಿ ಕೆಳಗೆ ಬರುವುದಿಲ್ಲ. ನಿಮ್ಮ ಸರ್ವಿಸ್ 15 ವರ್ಷ ದಾಟಿದ್ದರೆ ರಾಜೀನಾಮೆ ಬೇಡವೇ ಬೇಡ, ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ತೆಗೆದುಕೊಳ್ಳಿ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕಕ್ಕಿಲ್ಲ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಾದರೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಲೆಕ್ಕವನ್ನು ಬೇರೆಯಾಗಿ ಕೇಳಿಕೊಳ್ಳಿ. ಪತ್ರದಲ್ಲಿ "ಟಿಕೆಟ್ ಸಿಕ್ಕರೆ" ಎಂಬಂಥ ಷರತ್ತು ಹಾಕಬೇಡಿ, ಯಾವ ತಾರೀಖಿನಿಂದ ಎಂದು ಸ್ಪಷ್ಟ ಬರೆಯಿರಿ. ಚಾರ್ಜ್ ಲಿಸ್ಟ್ ಎರಡು ಪ್ರತಿ ಮಾಡಿ, ಅಕ್ಕಿಯನ್ನು ತೂಕ ಹಾಕಿಸಿ, ತೆಗೆದುಕೊಂಡವರ ಸಹಿ ಹಾಕಿಸಿ. ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಾಲ, ಸೊಸೈಟಿ ಸಾಲ ತೀರಿಸಿ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಇಲಾಖಾ ವಿಚಾರಣೆ ಬಾಕಿ ಇದ್ದರೆ ಅದು ಮೊದಲು ಮುಗಿಯಬೇಕು. ಅಂಗೀಕಾರದ ಆದೇಶ, ಬಿಡುಗಡೆ ಆದೇಶ ಎರಡೂ ಕೈಗೆ ಬರುವತನಕ ಪಕ್ಷದ ವೇದಿಕೆ ಹತ್ತಬೇಡಿ. ನಡತೆ ನಿಯಮಗಳಡಿ ಅದೇ ಒಂದು ಪ್ರಕರಣವಾದೀತು.

ನಾಮಪತ್ರದ ಉಳಿದ ಕೆಲಸ ಸಲೀಸು. ವಿಧಾನಸಭೆಗೆ ನಮೂನೆ 2ಬಿ, ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಸೂಚಕರು, ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬರು ಸಾಕು. ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ, "ಇಲ್ಲ" ಎಂದಾದರೂ ಬರೆಯಿರಿ. ಚುನಾವಣಾ ಖರ್ಚಿನ ಪ್ರತ್ಯೇಕ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು.

ಇನ್ನು ಮುರ್ಮು ಅವರ ಉದಾಹರಣೆ. ಅದು ನಿಮ್ಮ ಲೆಕ್ಕಕ್ಕೆ ಹೊಂದುವುದೇ ಇಲ್ಲ. ಅವರು ಒಡಿಶಾ ಸರ್ಕಾರದ ನೀರಾವರಿ ಇಲಾಖೆಯ ನೌಕರಿ ಬಿಟ್ಟದ್ದು 1983ರಲ್ಲಿ. ಪಾಠ ಹೇಳಿದ್ದು ಆಮೇಲೆ, ರಾಯ್‌ರಂಗ್‌ಪುರದ ಶ್ರೀ ಅರವಿಂದೋ ಶಾಲೆಯಲ್ಲಿ. 1997ರಲ್ಲಿ ಅದೇ ಊರಿನ ಕೌನ್ಸಿಲರ್, 2000ದಲ್ಲಿ ಶಾಸಕಿ, 2015ರಲ್ಲಿ ಜಾರ್ಖಂಡ್ ರಾಜ್ಯಪಾಲೆ, 2022ರಲ್ಲಿ ರಾಷ್ಟ್ರಪತಿ. ವಾರ್ಡಿನಿಂದ ರಾಷ್ಟ್ರಪತಿ ಭವನಕ್ಕೆ 25 ವರ್ಷ. ದಿಲ್ಲಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಮಾಯಾವತಿ 1984ರಲ್ಲಿ ಕೈರಾನಾ, 1985ರಲ್ಲಿ ಬಿಜ್ನೋರ್, 1987ರಲ್ಲಿ ಹರಿದ್ವಾರ ಸೋತು, 1989ರಲ್ಲಿ ಬಿಜ್ನೋರಿನಿಂದ ಲೋಕಸಭೆಗೆ ಹೋದವರು. ಸೋತರೆ ಶಾಲೆ ಇದೆ ಎಂಬ ಲೆಕ್ಕದವರು ಮೊದಲ ಸೋಲಿಗೇ ಮರಳುತ್ತಾರೆ. ನೀವು ಇನ್ನೂ ಆ ಲೆಕ್ಕದಲ್ಲಿದ್ದೀರಿ ಎಂದರೆ ಸದ್ಯ ಶಾಲೆ ಬಿಡಬೇಡಿ.

ಶಿಕ್ಷಕರ ಕ್ಷೇತ್ರವನ್ನೂ ಸುಲಭದ ದಾರಿ ಎಂದುಕೊಳ್ಳಬೇಡಿ. ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ ಅವರು 1980ರಿಂದ ಗೆಲ್ಲುತ್ತ ಬಂದದ್ದು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಬರುವುದು ವಾಯವ್ಯ ಶಿಕ್ಷಕರ ಕ್ಷೇತ್ರಕ್ಕೆ. ಮತ ಇರುವುದು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ಶಿಕ್ಷಕರಿಗೆ, ಅದೂ ಕಳೆದ 6 ವರ್ಷದಲ್ಲಿ 3 ವರ್ಷವಾದರೂ ಕಲಿಸಿ, ನಮೂನೆ 19 ತುಂಬಿ ಪಟ್ಟಿಗೆ ಸೇರಿದವರಿಗೆ. ನಿಮ್ಮ ತಾಲೂಕಿನ ಪ್ರಾಥಮಿಕ ಶಿಕ್ಷಕರಿಗೆ ಅಲ್ಲಿ ಮತವೇ ಇಲ್ಲ, ನಿಮಗೂ ಇಲ್ಲ. ನಿಮ್ಮನ್ನು ಗೊತ್ತಿಲ್ಲದ ಹೈಸ್ಕೂಲು, ಕಾಲೇಜಿನವರ ಹತ್ತಿರ ಪ್ರಾಶಸ್ತ್ಯ ಮತ (1, 2, 3 ಎಂದು ಕ್ರಮ ಬರೆಯುವ ಮತ) ಕೇಳಿಕೊಂಡು ಮೂರು ಜಿಲ್ಲೆ ತಿರುಗಬೇಕು.

ಮೊದಲು ಕಚೇರಿಗೆ ಹೋಗಿ ನಿಮ್ಮ ಸೇವಾ ಪುಸ್ತಕ ತೆರೆಸಿ, ಸೇರಿದ ತಾರೀಖು ನೋಡಿ, 15 ವರ್ಷಕ್ಕೆ ಎಷ್ಟು ತಿಂಗಳು ಬಾಕಿ ಎಂದು ಎಣಿಸಿ ಇಲ್ಲೇ ಬರೆಯಿರಿ. ಚಾರ್ಜ್ ನಿಮ್ಮ ಹೆಸರಿನಲ್ಲಿದ್ದರೆ ಅದನ್ನೂ ತಿಳಿಸಿ, ಪಟ್ಟಿ ಹೇಗೆ ಮಾಡಬೇಕೆಂದು ಹೇಳುತ್ತೇನೆ.